ಮೌಲ್‌ಮೇನ್ ಸುತ್ತು

ಓನ್ ಚಿಯವರ ಪಿಯಾನೋದ ನಟ್ಟನಡುವಿನ ಒಂದು ಬಿಳಿ ಕೀ ನಲವತ್ತಮೂರು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ. ಒತ್ತಿದರೆ ಅರ್ಧ ಇಳಿದು ನಿಲ್ಲುತ್ತಿತ್ತು, ಅಷ್ಟೆ. ಹಾಡು ಆ ಸ್ವರದ ಹತ್ತಿರ ಬಂದಾಗ ಅವರು ಅದರ ಆಚೆಯದನ್ನೂ ಈಚೆಯದನ್ನೂ ಎರಡು ಕೈಯ ತೋರುಬೆರಳಿನಿಂದ ಸರಸರನೆ ತಟ್ಟಿ ಸುತ್ತಿ ಬರುತ್ತಿದ್ದರು. ನಡುವಿನ ಸ್ವರವನ್ನು ಕೇಳುವವರ ಕಿವಿಯೇ ತುಂಬಿಕೊಳ್ಳುತ್ತಿತ್ತು.

ಈ ಸುತ್ತು ಬರ್ಮಾದಲ್ಲೆಲ್ಲ ಹಬ್ಬಿಬಿಟ್ಟಿತ್ತು. ಓನ್ ಚಿಯವರ ಶಿಷ್ಯರು ರಂಗೂನಿನ ರೇಡಿಯೋಕ್ಕೆ ಒಯ್ದರು, ಅಲ್ಲಿಂದ ಅದು ಸಿನಿಮಾ ಹಾಡಿಗೆ ಹಾರಿತು. ಎಲ್ಲ ಕೀಗಳೂ ನೆಟ್ಟಗಿರುವ ಪಿಯಾನೋದಲ್ಲೂ ಜನ ಆ ಒಂದನ್ನು ಮುಟ್ಟದೆ ನುಡಿಸತೊಡಗಿದರು. ಕೀ ಎಂಬುದೇ ಇಲ್ಲದ ಬಿದಿರು ಪಟ್ಟಿಯ ವಾದ್ಯದವರೂ ಸುತ್ತತೊಡಗಿದ ಮೇಲೆ ಅದಕ್ಕೆ ಓನ್ ಚಿಯವರ ಊರಿನ ಮೇಲೆ ‘ಮೌಲ್‌ಮೇನ್ ಸುತ್ತು’ ಎಂಬ ಹೆಸರೇ ಬಿತ್ತು.

ಕೀ ಕೆಟ್ಟಿದ್ದು ಮೊದಲೋ, ಸುತ್ತು ಹುಟ್ಟಿದ್ದು ಮೊದಲೋ? ಕೇಳಿದವರಿಗೆಲ್ಲ ಓನ್ ಚಿ ಒಂದೇ ಉತ್ತರ ಕೊಡುತ್ತಿದ್ದರು. ಸುತ್ತು ತಮ್ಮ ಗುರು ಬಾ ಟ್ವೆ ಕಲಿಸಿದ್ದು, ಅರಮನೆಯ ಕಾಲದ್ದು. ಯಾರೂ ಮುಟ್ಟದೆ ಬಿಟ್ಟಿದ್ದಕ್ಕೆ ಕೀಗೆ ಮುನಿಸು ಬಂದು ಅದು ಮೂಕಾಯಿತು.

ಇದು ಶುದ್ಧ ಸುಳ್ಳು. ಅವರು ಹನ್ನೊಂದರ ಹುಡುಗಿಯಾಗಿದ್ದಾಗ ಒಂದು ಮಳೆಗಾಲದ ಬೆಳಿಗ್ಗೆ ಕೀ ತಾನಾಗಿ ಕೆಟ್ಟಿತ್ತು. ಇಲಿ ಕಡಿದಿರಬೇಕು ಅಂದಿದ್ದರು ಅಪ್ಪ. ಹುಡುಗಿ ಅಳುತ್ತಾ ಗುರುವಿನ ಮುಖ ನೋಡಿದರೆ ಅವರು ವೀಳ್ಯ ಜಗಿಯುತ್ತಾ, “ದಾರಿ ಕಟ್ಟಿದೆ ಅಂತ ಊಟಕ್ಕೆ ಮನೆಗೆ ಹೋಗದೆ ಇರ್ತೀಯಾ? ಸುತ್ತಿ ಹೋಗು” ಅಂದುಬಿಟ್ಟಿದ್ದರು. ಹೇಗೆ ಅಂತ ಹೇಳಲಿಲ್ಲ. ಅವಳೇ ತಡಕಾಡಿ ದಾರಿ ಮಾಡಿಕೊಂಡಳು. ಕುಣಿಯಲಾರದವಳು ನೆಲ ಡೊಂಕು ಅನ್ನುತ್ತಾಳಂತೆ. ಇವಳ ನೆಲ ನಿಜಕ್ಕೂ ಡೊಂಕಾಗಿತ್ತು, ಇವಳು ಕುಣಿದೂ ಬಿಟ್ಟಳು. ಎರಡು ವರ್ಷಕ್ಕೆ ಗುರು ಜ್ವರದಲ್ಲಿ ಹೋದರು. ಇಲಿ ಕಲಿಸಿದ್ದು ಅಂತ ಹೇಳಿದರೆ ಯಾರು ಮರ್ಯಾದೆ ಕೊಡುತ್ತಾರೆ? ಗುರು ಕಲಿಸಿದ್ದು ಅಂದರು.

ಒಂದು ಸುಳ್ಳಿಗೆ ಇನ್ನೊಂದರ ಆಸರೆ ಬೇಕಲ್ಲ! ಯಾರಾದರೂ ಒಳಗೆ ಇಣುಕಿ ಇಲಿಯ ಕೆಲಸ ಕಂಡುಬಿಟ್ಟರೆ? ಅದಕ್ಕೇ ಪಿಯಾನೋದೊಳಗೆ ನಾಟ್ ದೈವ ಕೂತಿದೆ, ಮುಂದಿನ ಹಲಗೆ ತೆಗೆದರೆ ಮುನಿಯುತ್ತದೆ ಎಂದು ಹಬ್ಬಿಸಿದರು. ಮೇಲೆ ತೆಂಗಿನಕಾಯಿ, ಬಾಳೆಗೊನೆ ಇಟ್ಟರು. ಶ್ರುತಿ ಮಾಡುವ ಸೈಕಲ್ ರಿಪೇರಿಯವನು ಕೂಡ ಮೇಲಿನ ಮುಚ್ಚಳವನ್ನಷ್ಟೇ ಎತ್ತಿ, ಕೈಮುಗಿದು, ಬಿರಟೆ ತಿರುಗಿಸಿ ಓಡುತ್ತಿದ್ದ.

ಆ ವರ್ಷ ತಡಿಂಜು ಹುಣ್ಣಿಮೆಗೆ, ಗುರುಹಿರಿಯರಿಗೆ ಅಡ್ಡಬಿದ್ದು ಕಾಣಿಕೆ ಕೊಡುವ ಆ ದಿನ, ಶಿಷ್ಯ ಟುನ್ ಯಿ ರಂಗೂನಿನಿಂದ ಬಂದ. ರೇಡಿಯೋದಲ್ಲಿ ಹೆಸರು ಮಾಡಿದ್ದವನು, ನಲವತ್ತಾದರೂ ಗುರುವಮ್ಮನನ್ನು ‘ಸಯಾಮ’ ಎಂದು ಕರೆಯುತ್ತಾ ಮಂಡಿಯೂರಿಯೇ ಮಾತು. ಹಿಂದೆ ದೊಡ್ಡ ಚೀಲ ಹೊತ್ತ ಮುದುಕನೊಬ್ಬ.

“ಸಯಾಮ, ಈ ಸಲ ಲುಂಗಿ, ಬಿಸ್ಕತ್ತು ತಂದಿಲ್ಲ. ಇವರನ್ನ ತಂದಿದೀನಿ. ಸಾ ಬೆನ್ನಿ. ಕರೆನ್ ಜನರ ಚರ್ಚುಗಳ ಪಿಯಾನೋ ಎಲ್ಲ ಇವರ ಕೈಲೇ. ನಿಮ್ಮ ಮೂಕಿ ಇವತ್ತು ಮಾತಾಡ್ತಾಳೆ!”

“ಗುರುಗೆ ಕೊಡೋ ಕಾಣಿಕೆ ನಡೆದುಕೊಂಡು ಬರೋದನ್ನ ಇದೇ ಮೊದಲು ನೋಡಿದ್ದು” ಅಂದರು ಓನ್ ಚಿ. ನಗುತ್ತಲೇ ಹೋಗಿ ಪಿಯಾನೋಕ್ಕೆ ಅಡ್ಡ ನಿಂತರು. “ಬೇಡ ಕಣೋ. ದೈವ ಇದೆ ಅದರೊಳಗೆ.”

“ದೈವಕ್ಕೂ ಒಂದು ಸಲ ಧೂಳು ಹೊಡೀಬೇಕಲ್ಲ, ಅಮ್ಮಾ” ಅಂದ ಬೆನ್ನಿ. “ನಾನು ಏಸುವಿನ ಕಡೆಯವನು, ನನಗೆ ಮುನಿಯಲ್ಲ ಬಿಡಿ. ಚರ್ಚಿನ ಶ್ರುತಿನೋ, ನಿಮ್ಮ ಶ್ರುತಿನೋ?”

“ನಮ್ಮದೇ” ಅಂದ ಟುನ್ ಯಿ. “ಸಯಾಮ, ಇನ್ನು ಹತ್ತು ದಿನಕ್ಕೆ ರೇಡಿಯೋದವರು ಬರ್ತಾರೆ. ಸುತ್ತು ಹುಟ್ಟಿದ ಕತೆ ನಿಮ್ಮ ಬಾಯಲ್ಲೇ ಬೇಕಂತೆ. ಬಾ ಟ್ವೆಯವರ ಹೆಸರು ದೇಶಕ್ಕೆಲ್ಲ ಗೊತ್ತಾಗುತ್ತೆ.”

ಆ ಹೆಸರು ಕಿವಿಗೆ ಬಿದ್ದಿದ್ದೇ ಓನ್ ಚಿ ಪಕ್ಕಕ್ಕೆ ಸರಿದು ಕೂತರು. ತಮ್ಮ ಮಾನ ಹೋದರೆ ಹೋಗಲಿ. ಆದರೆ ಆಡದ ಮಾತನ್ನು ಸತ್ತ ಗುರುವಿನ ಬಾಯಿಗೆ ತುರುಕಿ, ಅದನ್ನು ದೇಶದ ಮುಂದೆ ಹೇಳುವುದೇ? ಅವರನ್ನು ಓನ್ ಚಿ ಅಪ್ಪನಿಗಿಂತ ಹೆಚ್ಚಾಗಿ ಪ್ರೀತಿಸಿದ್ದರು. ಬಾ ಟ್ವೆಯವರ ಸ್ವಂತ ವಾದ್ಯ ಸೌಂಗ್, ದೋಣಿಯ ಹಾಗೆ ಬಾಗಿದ ಹಾರ್ಪು. ಅದರ ತಂತಿಗಳನ್ನು ಕೆಂಪು ಗೊಂಡೆಯ ಹುರಿಯಿಂದ ಬಿಗಿಯುತ್ತಾರೆ. ಹತ್ತನೆಯ ವಯಸ್ಸಿನ ತಡಿಂಜುವಿಗೆ ಹುಡುಗಿ ಓನ್ ಚಿ ತಾನೇ ಒಂದು ಹುರಿ ಹೊಸೆದು ಕಾಣಿಕೆ ಕೊಟ್ಟಿದ್ದಳು. ಕೆಂಪು ನೂಲು ಸಾಲದೆ ಒಂದೆಳೆ ಹಸಿರು ಸೇರಿಸಿ ಹೇಗೋ ಮುಗಿಸಿದ ಸೊಟ್ಟ ಹುರಿ. ಮರುವರ್ಷದ ಮಳೆಗಾಲದಲ್ಲಿ ಅದು ಸೌಂಗ್ ಮೇಲೆ ಕಾಣದೆ, ಎಲ್ಲಿ ಎಂದು ಕೇಳಿದ್ದಳು. “ಒಳ್ಳೆ ಕೆಲಸಕ್ಕೆ ಹಾಕಿದೀನಿ” ಅಂದಿದ್ದರು. ಚೆನ್ನಾಗಿಲ್ಲ ಅಂತ ಎಸೆದಿದ್ದಾರೆ ಎಂದುಕೊಂಡು ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಬೆನ್ನಿ ಬಾಳೆಗೊನೆ ಕೆಳಗಿಟ್ಟು ಮುಂದಿನ ಹಲಗೆಯ ತಿರುಪುಮೊಳೆಗಳಿಗೆ ಎಣ್ಣೆ ಬಿಡುತ್ತಿದ್ದ.

“ಟುನ್ ಯಿ,” ಎಂದರು ಓನ್ ಚಿ, “ಅವನು ಹಲಗೆ ತೆಗೆಯೋಕೆ ಮುಂಚೆ ಒಂದು ಮಾತು ಕೇಳು. ಅರಮನೆಯೂ ಇಲ್ಲ, ಮಣ್ಣೂ ಇಲ್ಲ. ಇಲಿ ಕಡೀತು, ಕೀ ಕೆಟ್ಟಿತು, ನಾನು ಪಕ್ಕದ್ದು ತಟ್ಟಿದೆ. ಗುರುಗಳು ನನಗೆ ಅದನ್ನ ಕಲಿಸಲಿಲ್ಲ. ಇಷ್ಟು ವರ್ಷ ನಿಮಗೆಲ್ಲ ಸುಳ್ಳು ಹೇಳಿದೆ.”

ಟುನ್ ಯಿ ಬೆರಗಾಗಿ ನೋಡಿದ. “ಹಾಗಾದ್ರೆ ನಾನು ಇಪ್ಪತ್ತು ವರ್ಷದಿಂದ ನುಡಿಸ್ತಿರೋದು ಇಲಿ ಸಂಗೀತನಾ?”

“ಹ್ಞೂಂ ಕಣಪ್ಪ.”

“ಇಲಿಗೂ ಒಂದು ಕಾಣಿಕೆ ತರ್ತಿದ್ದೆ, ಮೊದಲೇ ಹೇಳಿದ್ರೆ” ಅಂದ. ನಗಿಸಲು ಅಂದದ್ದು. ಆದರೆ ಅವನ ಮುಖ ಸಣ್ಣಗಾಗಿತ್ತು, ಅದನ್ನು ಕಂಡು ಓನ್ ಚಿಯವರ ಕಣ್ಣು ತುಂಬಿತು.

ಅಷ್ಟರಲ್ಲಿ ಹಲಗೆ ಕಿರುಗುಟ್ಟಿ ಕಳಚಿತು. ಬೆನ್ನಿ ಟಾರ್ಚು ಹಾಕಿ ತಲೆ ಒಳಗಿಟ್ಟ.

“ಯಾವ ಇಲಿ ಅಮ್ಮಾ ಇದು?” ಎಂದ. “ಗಂಟು ಹಾಕೋಕೆ ಬರೋ ಇಲಿ! ತಂತಿಗೆ ಬಡಿಯೋ ಸುತ್ತಿಗೆಯ ಉಣ್ಣೆ ನೆಟ್ಟಗಿದೆ, ತಂತಿ ನೆಟ್ಟಗಿದೆ. ಸುತ್ತಿಗೆಯನ್ನ ಯಾರೋ ಬುಡದಲ್ಲಿ ಅಡ್ಡಪಟ್ಟಿಗೆ ಬಿಗಿದು ಕಟ್ಟಿದಾರೆ. ಮೇಲಿಂದ ಇಣುಕಿದರೆ ಕಾಣೋದೇ ಇಲ್ಲ.”

ಓನ್ ಚಿ ಮಂಡಿಯೂರಿ ಬಗ್ಗಿದರು. ಟಾರ್ಚಿನ ಬೆಳಕಿನಲ್ಲಿ ಮಾಸಿದ ಕೆಂಪು ಹುರಿ ಕಂಡಿತು. ಸೌಂಗ್ ನುಡಿಸುವವರು ಮಾತ್ರ ಹಾಕುವ ಗಂಟು, ತುದಿಯಲ್ಲಿ ಗೊಂಡೆ. ಅದರ ನಡುವೆ ಒಂದೆಳೆ ಹಸಿರು.

ಆಗ ನೆನಪಾಯಿತು. ಕೀ ಕೆಡುವ ಮುಂಚೆ ಯಾವ ಹಾಡು ಕೊಟ್ಟರೂ ಓನ್ ಚಿ ಎಂಬ ಸೋಮಾರಿ ಹುಡುಗಿಯ ಬೆರಳು ಓಡಿಬಂದು ಅದೊಂದೇ ಕೀ ಮೇಲೆ ದೊಪ್ಪನೆ ಕೂರುತ್ತಿತ್ತು. ಗುರು ಬೈದಿರಲಿಲ್ಲ, ಹೊಡೆದಿರಲಿಲ್ಲ, ಆ ಕೀಯನ್ನೇ ಕಟ್ಟಿಹಾಕಿದ್ದರು. ಹೇಳಿದ್ದರೆ ಅವಳು ಗಂಟು ಬಿಚ್ಚಿಬಿಡುತ್ತಿದ್ದಳು ಎಂಬುದೂ ಅವರಿಗೆ ಗೊತ್ತಿತ್ತು.

“ಕಲಿಸಿದ್ರು ಕಣೋ,” ಎಂದರು ಓನ್ ಚಿ, ಹುರಿಯನ್ನು ಬೆರಳ ತುದಿಯಿಂದ ಮುಟ್ಟಿ. “ಅವರೇ ಕಲಿಸಿದ್ರು. ನನ್ನ ಸೊಟ್ಟ ಹುರಿಯಲ್ಲೇ ಕಲಿಸಿದ್ರು.” ಆಮೇಲೆ ಮಗುವಿನಂತೆ ಅತ್ತರು. ಟುನ್ ಯಿ ಅವರ ಪಕ್ಕದಲ್ಲೇ ಕೂತ.

ಬೆನ್ನಿ ಕತ್ತರಿ ಹಿಡಿದು ಕಾದಿದ್ದ. “ಕತ್ತರಿಸಲಾ ಅಮ್ಮಾ? ಒಂದು ನಿಮಿಷದ ಕೆಲಸ.”

“ಕೈ ಮುರೀತೀನಿ ನೋಡು!” ಓನ್ ಚಿ ಮೂಗು ಒರೆಸಿಕೊಂಡರು. “ಟುನ್ ಯಿ, ನಿನ್ನ ಮಗಳನ್ನ ಪಾಠಕ್ಕೆ ಕಳಿಸ್ತೀನಿ ಅಂದಿದ್ದೆಯಲ್ಲ. ಯಾವ ಸ್ವರದ ಮೇಲೆ ಕೂರ್ತಾಳೆ ಅವಳು?”

ಟುನ್ ಯಿ ತಲೆ ಕೆರೆದುಕೊಂಡ. “ಅದರ ಮೇಲೇ ಸಯಾಮ. ದೊಪ್ಪಂತ.”

“ಹಾಗಾದ್ರೆ ಹಲಗೆ ಮುಚ್ಚು, ಬೆನ್ನಿ. ಮೊಳೆ ಬಿಗಿಯಾಗಿರ್ಲಿ.”

ಬೆನ್ನಿ ಮುಚ್ಚಿದ. ಓನ್ ಚಿ ಬಾಳೆಗೊನೆ, ತೆಂಗಿನಕಾಯಿಯನ್ನು ಮೊದಲಿನ ಜಾಗಕ್ಕೆ ಇಟ್ಟು, ಮುಡಿಯಿಂದ ಹೂವು ತೆಗೆದು ಪಕ್ಕಕ್ಕಿಟ್ಟು, ಪಿಯಾನೋದ ಮುಂದೆ ಮೂರು ಸಲ ನೆಲಕ್ಕೆ ಹಣೆ ಹಚ್ಚಿದರು.

“ಒಳಗೆ ದೈವ ಇದೆ ಅಂದಿದ್ದೂ ಸುಳ್ಳಾಗಲಿಲ್ಲ, ನೋಡು” ಅಂದರು.