ಬೆರಿಲಳ ಬಿಸ್ಕತ್ತಿನ ಡಬ್ಬಿ

ನಮ್ಮ ಚರ್ಚಿನ ಪತ್ರಿಕೆ ತಿಂಗಳಿಗೊಂದು ಬರುತ್ತದೆ. ಹಸಿರು ಹೊದಿಕೆ, ಮಧ್ಯೆ ಎರಡು ಪಿನ್ನು. ಅದನ್ನು ಮನೆಮನೆಗೆ ಹಾಕುವ ಕೆಲಸ ನನ್ನದು. ನಲವತ್ತೊಂದು ಮನೆ. ಮೇಲಿನ ಓಣಿಯಲ್ಲಿ ಕಾಲಿನ್ ಗ್ವಿಲಿಯಮ್‌ನ ಮನೆಯಿಂದ ಶುರುಮಾಡಿ, ಹಳ್ಳದ ಸೇತುವೆ ದಾಟಿ, ಈಗ ಯಾರೋ ವಾಸಕ್ಕಿರುವ ಹಳೇ ಶಾಲೆ ಬಳಸಿ ಬಂದರೆ ಕೊನೆಗೆ ನಮ್ಮದೇ ಮನೆ. ನಮ್ಮ ಮನೆಯದನ್ನೂ ನಾನು ಮುಂಬಾಗಿಲಿನ ಸೀಳಿನಲ್ಲೇ ತೂರಿಸಬೇಕು. ಅದು ನನ್ನ ಹೆಂಡತಿ ಬೆರಿಲ್ ಮಾಡಿದ ಕಟ್ಟಳೆ. ಕೈಗೆ ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ. ಊರಿಗೆಲ್ಲ ಬಂದ ಹಾಗೆ ನನಗೂ ಬರಲಿ ಅನ್ನುತ್ತಿದ್ದಳು. ನಾನು ತೂರಿಸಿ, ಮನೆ ಸುತ್ತು ಹಾಕಿ ಹಿಂಬಾಗಿಲಿಂದ ಒಳಗೆ ಬರುವಷ್ಟರಲ್ಲಿ ಕಾಲೊರಸಿನ ಮೇಲಿಂದ ಅದನ್ನು ಎತ್ತಿಕೊಂಡು, ಕನ್ನಡಕ ಹಾಕಿಕೊಂಡು ಕೂತಿರುತ್ತಿದ್ದಳು.

ಆಮೇಲೆ ಓದುತ್ತಿದ್ದಳು. ಗಟ್ಟಿಯಾಗಿ, ಮೊದಲ ಪುಟದ ಪಾದ್ರಿಯಮ್ಮನ ಮಾತಿನಿಂದ ಕೊನೇ ಪುಟದ ಹೊಗೆಗೂಡು ಗುಡಿಸುವವನ ಜಾಹೀರಾತಿನವರೆಗೆ.

ನನಗೆ ಓದಲು ಬರುವುದಿಲ್ಲ. ಚಿಕ್ಕವನಿದ್ದಾಗ ಆಲೂಗಡ್ಡೆ ಕೀಳುವ ಕಾಲಕ್ಕೆ, ಹುಲ್ಲು ಒಣಗಿಸುವ ಕಾಲಕ್ಕೆ, ಕುರಿ ಈಯುವ ಕಾಲಕ್ಕೆ ಶಾಲೆ ಬಿಡಿಸುತ್ತಿದ್ದರು. ಉಳಿದ ದಿನಗಳಲ್ಲಿ ಹೋದರೂ ಅಕ್ಷರಗಳು ನನ್ನ ಕಣ್ಣಿಗೆ ನಿಲ್ಲುತ್ತಿರಲಿಲ್ಲ, ಹಳ್ಳದ ಮೀನಿನ ಹಾಗೆ. ಬೇಲಿ ಹೆಣೆದು ಬದುಕಿದವನಿಗೆ ಅದು ಅಷ್ಟಾಗಿ ಬೇಕಾಗಲೂ ಇಲ್ಲ. ಮನೆಗಳು ನನಗೆ ಬಾಗಿಲಿನ ಬಣ್ಣದಿಂದ, ನಾಯಿಯಿಂದ ಗೊತ್ತು. ನನಗೆ ಓದು ಬಾರದೆಂಬುದು ಬೆರಿಲ್ ಒಬ್ಬಳಿಗೇ ಗೊತ್ತಿತ್ತು. ಐವತ್ತನಾಲ್ಕು ವರ್ಷ ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಪತ್ರಿಕೆಯ ಊರ ಸುದ್ದಿಯ ಪುಟ ಅವಳದ್ದು. ಚರ್ಚಿನ ಮುಂಬಾಗಿಲ ಮಾಡಿನಡಿ, ಕಲ್ಲುಬೆಂಚಿನ ಕೆಳಗೆ ಅವಳದೊಂದು ಬಿಸ್ಕತ್ತಿನ ಡಬ್ಬಿ ಇತ್ತು, ಮುಚ್ಚಳದ ಮೇಲೆ ಕಪ್ಪು ನಾಯಿಯ ಚಿತ್ರ. ಸುದ್ದಿ ಇದ್ದವರು ಚೀಟಿ ಬರೆದು ಅದರೊಳಗೆ ಹಾಕುತ್ತಿದ್ದರು. ಬೆಕ್ಕು ಕಳೆದದ್ದು, ಮೊಮ್ಮಗು ಹುಟ್ಟಿದ್ದು, ಹಳೇ ಬಟ್ಟೆಯ ಮಾರಾಟ. ಪ್ರತಿ ತಿಂಗಳ ಹದಿನಾಲ್ಕಕ್ಕೆ ಅವಳು ಡಬ್ಬಿ ಖಾಲಿ ಮಾಡಿ ತಂದು, ಅಡುಗೆಮನೆಯ ಮೇಜಿನ ಮೇಲೆ ಕೂತು ಎಲ್ಲವನ್ನೂ ನೀಟಾಗಿ ಬರೆದು, ಹದಿನೈದಕ್ಕೆ ಪತ್ರಿಕೆ ಜೋಡಿಸುವವರಿಗೆ ಕೊಟ್ಟು ಬರುತ್ತಿದ್ದಳು. ಯಾರಾದರೂ ತೀರಿಕೊಂಡರೆ ಆರು ಸಾಲು. ಆರರಲ್ಲಿ ಒಂದು ಸಾಲು ಮಾತ್ರ ಊರಿಗೆ ಗೊತ್ತಿಲ್ಲದ್ದು ಇರುತ್ತಿತ್ತು. ಮ್ಯೂರಿಯಲ್ ಬೆವನ್‌ಳ ತಮ್ಮ ಹೋದಾಗ, ಅವನು ಕರುಗಳನ್ನು ಹೊಡೆಯದೆ ಸಿಳ್ಳೆಯಲ್ಲೇ ಮನೆಗೆ ಕರೆತರುತ್ತಿದ್ದ ಎಂದು ಬರೆದಳು. ನಲವತ್ತು ವರ್ಷ ಕೇಳಿದ ಸಿಳ್ಳೆಯನ್ನು ಊರು ಆವತ್ತು ಗಮನಿಸಿತು.

ಜನವರಿ ಹತ್ತೊಂಬತ್ತಕ್ಕೆ ನಾನು ಚಹಾ ತೆಗೆದುಕೊಂಡು ಮೇಲೆ ಹೋದಾಗ ಅವಳು ಏಳಲಿಲ್ಲ.

ಫೆಬ್ರವರಿಯ ಪತ್ರಿಕೆ ಆಗಲೇ ಬರೆದುಕೊಟ್ಟಿದ್ದಳು. ಮಣ್ಣು ಮಾಡುವುದಕ್ಕೂ ಮುಂಚೆ ಅದು ಬಂತು, ಅವಳ ಸುದ್ದಿಗಳ ಸಮೇತ. ನಾನೇ ಹಂಚಿದೆ. ಅವಳ ಬಗ್ಗೆ ಬರುವುದೇನಿದ್ದರೂ ಮಾರ್ಚಿನದರಲ್ಲಿ. ನಾನು ಮಾರ್ಚಿನದಕ್ಕೆ ಕಾದೆ. ಸಮಾಧಿಯ ಕಲ್ಲು ಮಣ್ಣು ಕೂತ ಮೇಲೆ ತಾನೆ ನಿಲ್ಲುವುದು, ಅಲ್ಲಿಯವರೆಗೆ ಅವಳ ಹೆಸರು ಇರುವ ಜಾಗ ಅದೊಂದೇ ಅನ್ನಿಸಿತ್ತು. ಬೇರೇನೂ ಬೇಕಾಗಿರಲಿಲ್ಲ ನನಗೆ. ಅವಳು ಎಲ್ಲರಿಗೂ ಕೊಟ್ಟ ಆರು ಸಾಲು ಅವಳಿಗೂ ಸಿಕ್ಕರೆ ಸಾಕಿತ್ತು.

ಮಾರ್ಚಿನ ಕಟ್ಟು ಬಂದ ದಿನ ಶೂಗೆ ಪಾಲಿಶ್ ಹಾಕಿಕೊಂಡು ಹೊರಟೆ. ಪ್ರತಿ ಬಾಗಿಲಲ್ಲೂ ಸ್ವಲ್ಪ ಹೆಚ್ಚು ಹೊತ್ತು ನಿಂತೆ, ಯಾರಾದರೂ ತೆರೆದು ನೋಡಿ ಏನಾದರೂ ಅಂದಾರು ಎಂದು. ಕಾಲಿನ್ ಗ್ವಿಲಿಯಮ್ ಚರ್ಚಿನ ಉಸ್ತುವಾರಿ ನೋಡುವವನು, ಗೇಟು ರಿಪೇರಿ ಮಾಡುತ್ತಿದ್ದ. ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಈ ಸಲ ಕುರಿಗಳಿಗೆ ಅವಳಿ ಮರಿಗಳೇ ಜಾಸ್ತಿ ಅಂದ. ಮ್ಯೂರಿಯಲ್ ಮೂರು ಮೊಟ್ಟೆ ಕೊಟ್ಟಳು. ಬೆರಿಲಳ ಹೆಸರು ಯಾರೂ ಎತ್ತಲಿಲ್ಲ. ನಮ್ಮವರು ಇಂಥದಕ್ಕೆಲ್ಲ ಬಾಯಿ ಬಿಡುವವರಲ್ಲ, ಮೊಟ್ಟೆ ಕೊಡುತ್ತಾರೆ ಎಂದುಕೊಂಡು ಮನೆಗೆ ಬಂದೆ.

ನಮ್ಮ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಓದಿ ಹೇಳುವವರಿಲ್ಲ. ಇನ್ನೊಬ್ಬರನ್ನು ಕೇಳಿದರೆ ಐವತ್ತನಾಲ್ಕು ವರ್ಷ ಅವಳು ಮುಚ್ಚಿಟ್ಟದ್ದನ್ನು ನಾನು ಬಿಚ್ಚಿದ ಹಾಗಾಗುತ್ತದೆ. ಮೂರನೇ ದಿನ ನಾನೇ ಬೆರಳಿಟ್ಟು ಹುಡುಕಲು ಕೂತೆ. ಪ್ರಾಬರ್ಟ್ ಎಂಬ ನಮ್ಮ ಮನೆತನದ ಹೆಸರಿನ ಆಕಾರ ನನಗೆ ಗೊತ್ತು, ಅವಳ ಹೆಸರಿನದೂ ಗೊತ್ತು, ನಡುವೆ ಒಂದು ಅಕ್ಷರ ಕೆಳಗೆ ಬಾಲ ಬಿಟ್ಟುಕೊಂಡಿರುತ್ತದೆ. ಇಡೀ ಮಧ್ಯಾಹ್ನ ಹಿಡಿಯಿತು. ಕೊನೆಯಿಂದ ಎರಡನೇ ಪುಟದಲ್ಲಿ, ಒಂದು ಚೌಕದೊಳಗೆ, ಸಿಕ್ಕಿದಳು. ಬೆರಿಲ್ ಪ್ರಾಬರ್ಟ್.

ಒಂದೇ ಸಾಲು ಇತ್ತು. ಯಾರಿಗೂ ಆರಕ್ಕಿಂತ ಕಡಿಮೆ ಕೊಟ್ಟವಳಲ್ಲ ಅವಳು. ಆದರೂ ಇದೆಯಲ್ಲ ಅಂದುಕೊಂಡೆ. ಬಡಗಿ ಪೆನ್ಸಿಲ್ಲಿನಲ್ಲಿ ಕೆಳಗೊಂದು ಗೆರೆ ಎಳೆದು, ಪುಟ ತೆರೆದು, ಗಡಿಯಾರಕ್ಕೆ ಒರಗಿಸಿ ಇಟ್ಟೆ. ಬೆಳಗ್ಗೆ ಗಂಜಿ ಉಣ್ಣುವಾಗ ನೋಡುತ್ತಿದ್ದೆ, ರಾತ್ರಿ ಊಟಕ್ಕೆ ನೋಡುತ್ತಿದ್ದೆ. ಒಂದು ವಾರ ಹಾಗೆ ನಡೆಯಿತು. ಮನೆಯಲ್ಲಿ ಇನ್ನೊಬ್ಬರಿದ್ದ ಹಾಗಿತ್ತು.

ಹದಿಮೂರಕ್ಕೆ ಮ್ಯೂರಿಯಲ್ ಒಂದು ಪಾತ್ರೆ ಸೂಪು ತಂದಳು. ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಶಾಲೆಯಲ್ಲಿ ನನ್ನ ಕಿವಿ ಹಿಂಡಿದವಳು, ಇನ್ನೂ ಹಿಂಡುತ್ತಾಳೆ. ಪಾತ್ರೆ ಒಲೆಯ ಮೇಲಿಟ್ಟು ಗಡಿಯಾರದ ಕಡೆ ನೋಡಿದಳು.

"ಏನಯ್ಯಾ ವಿಲ್ಫ್, ಇದಕ್ಕ್ಯಾಕೆ ಗೆರೆ ಎಳೆದಿದೀಯ?"

"ಬೆರಿಲ್ ಹೆಸರಲ್ವಾ."

"ಹೌದಪ್ಪ, ಚರ್ಚಿನ ಹಿತ್ತಾಳೆ ಬೆಳಗೋ ಸರದಿ. ಜನವರಿಲಿ ಮಾಡಿದ ಪಟ್ಟಿ, ಯಾರೂ ತಿದ್ದಿಲ್ಲ. ಅವಳ ಪಾಲಿಂದು ಹೋದ ಭಾನುವಾರಾನೇ ನಾನು ಬೆಳಗಿ ಬಂದೆ. ನೀನು ತಲೆ ಕೆಡಿಸ್ಕೋಬೇಡ."

ನಾನು ಸೂಪಿನ ಪಾತ್ರೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದೆ. ಹಾಗಾದರೆ ಅವಳು ತೀರಿಕೊಂಡ ವಿಷಯ ಯಾವ ಪುಟದಲ್ಲಿದೆ ಎಂದು ಕೇಳಿದೆ. ಕನ್ನಡಕ ಕಾಣುತ್ತಿಲ್ಲ ಎಂದೂ ಸೇರಿಸಿದೆ. ಮ್ಯೂರಿಯಲ್ ನನ್ನ ಮುಖ ನೋಡಿದಳು. ಅದು ಪತ್ರಿಕೆಯಲ್ಲಿ ಬಂದೇ ಇಲ್ಲವಂತೆ. ಊರ ಸುದ್ದಿಯ ಪುಟದಲ್ಲಿ ಗಜ್ಜರಿಯ ಕೇಕು ಮಾಡುವ ವಿಧಾನ ಹಾಕಿದ್ದಾರಂತೆ. ಅದನ್ನು ಅವಳು ಗಮನಿಸಿದ್ದಳು, ಎಲ್ಲರೂ ಗಮನಿಸಿದ್ದರು. ವಿಲ್ಫನೇ ಬೇಡ ಅಂದಿರಬೇಕು, ಅವನು ಮನಸ್ಸು ಬಿಚ್ಚುವವನಲ್ಲ, ನಾವೂ ಆ ಮಾತು ತೆಗೆಯುವುದು ಬೇಡ ಎಂದು ಊರೆಲ್ಲ ಸುಮ್ಮನಿತ್ತಂತೆ.

"ನಾನಂತೂ ಬರ್ದು ಹಾಕಿದ್ದೆ," ಅಂದಳು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಡಬ್ಬಿಗೆ."

ಹೇಳಿದವಳು ಹಾಗೇ ಕುರ್ಚಿ ಎಳೆದು ಕೂತಳು. ನಮ್ಮ ಹೆಂಗಸರು ಇಂಥ ಹೊತ್ತಿನಲ್ಲಿ ಏಪ್ರನ್ನಿನ ತುದಿ ಹಿಡಿಯುತ್ತಾರೆ. ಅವಳೂ ಹಿಡಿದಳು. "ಅಯ್ಯೋ, ಅದನ್ನ ತೆಗೆಯೋಳು ಯಾರು ಅಂತ ಯೋಚ್ನೇನೇ ಬರ್ಲಿಲ್ವಲ್ಲ ನಂಗೆ," ಅಂದಳು.

ಅವಳು ಹೋದ ಮೇಲೆ ನಾನು ಚರ್ಚಿಗೆ ಹೋದೆ. ಡಬ್ಬಿ ಬೆಂಚಿನ ಕೆಳಗೇ ಇತ್ತು. ಮುಚ್ಚಳಕ್ಕೆ ತುಕ್ಕು ಹಿಡಿಯಲು ಶುರುವಾಗಿತ್ತು. ಒಳಗೆ ಚೀಟಿಗಳು, ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಎಣಿಸಿದೆ, ಹದಿನೇಳು. ಯಾವುದು ಬೆಕ್ಕಿನದು, ಯಾವುದು ಅವಳದು, ನನಗೇನು ಗೊತ್ತು. ಒಂದು ಚೀಟಿಯಲ್ಲಿ ಬಾಲದ ಅಕ್ಷರ ಕಂಡಿತು. ಬೆಂಚಿನ ಮೇಲೆ ಅದನ್ನು ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ಚರ್ಚಿನೊಳಗೆ ಹೂವಿಲ್ಲ, ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ ನಾವು ಹೂವಿಡುವುದಿಲ್ಲ. ಹಿತ್ತಾಳೆ ಮಾತ್ರ ಹೊಳೆಯುತ್ತಿತ್ತು.

ಪತ್ರಿಕೆಗೆ ಸುದ್ದಿ ಮುಟ್ಟಿಸಲು ಇನ್ನೆರಡೇ ದಿನ. ಡಬ್ಬಿ ಕಂಕುಳಲ್ಲಿಟ್ಟುಕೊಂಡು ನಯೋಮಿ ಹಾರ್ಕ್‌ನೆಸ್‌ಳ ಮನೆಗೆ ಹೋದೆ. ಆಕೆ ಪಟ್ಟಣದಿಂದ ಬಂದು ಮೂರು ವರ್ಷ, ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಜೋಡಿಸುವವಳು ಆಕೆಯೇ. ಡಬ್ಬಿ ಇದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಬೆರಿಲ್ ಪ್ರತಿ ತಿಂಗಳೂ ಬರೆದ ಹಾಳೆ ತಂದುಕೊಡುತ್ತಿದ್ದಳು, ಅಷ್ಟೇ. ತಾನು ಹೊಸಬಳು, ಗೊತ್ತಿದ್ದವರು ಯಾರಾದರೂ ಬರೆದು ಕಳಿಸುತ್ತಾರೆಂದು ಕಾದೆ, ಒಬ್ಬರೂ ಕಳಿಸಲಿಲ್ಲ, ಈ ಊರು ಅವಳನ್ನು ಇಷ್ಟು ಬೇಗ ಮರೆಯಿತಲ್ಲ ಎಂದು ಬೇಜಾರಾಗಿತ್ತು ಎಂದಳು. ನನ್ನನ್ನು ಕೇಳಲು ಎರಡು ಸಲ ನಮ್ಮ ಗೇಟಿನವರೆಗೆ ಬಂದು ವಾಪಸು ಹೋದಳಂತೆ.

ಚೀಟಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿ ಹರಡಿದಳು. ಆಮೇಲೆ ನನ್ನ ಕಡೆ ತಳ್ಳಿದಳು.

"ಪ್ರಾಬರ್ಟ್ ಅವರೇ, ಬೆರಿಲ್ ಬಗ್ಗೆ ಇರೋದನ್ನ ನೀವೇ ಆರಿಸಿಕೊಡಿ. ನಿಮಗಿಂತ ಮುಂಚೆ ನಾನು ಓದೋದು ಸರಿಯಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕನ್ನಡಕ ತಂದಿಲ್ಲ ಅಂದೆ. ಹಾಗಾದರೆ ಕಾರಿನಲ್ಲಿ ಹೋಗಿ ತರೋಣ, ಐದು ನಿಮಿಷ ಎಂದು ಬೀಗದ ಕೈಗೆ ಕೈ ಹಾಕಿದಳು. ಅಲ್ಲಿಂದ ಎದ್ದು ಹೋಗಿ ಏನಾದರೂ ನೆಪ ಹೇಳಬಹುದಿತ್ತು. ಎಪ್ಪತ್ತು ವರ್ಷ ಹೇಳಿಕೊಂಡೇ ಬಂದಿದ್ದೆನಲ್ಲ. ಆದರೆ ಹದಿನೈದು ಕಳೆದರೆ ಇನ್ನೊಂದು ತಿಂಗಳು.

"ನಂಗೆ ಓದಕ್ ಬರಲ್ಲಮ್ಮ," ಅಂದೆ.

ಅವಳು ಬೀಗದ ಕೈ ಕೆಳಗಿಟ್ಟಳು. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಆರಿಸದೆ, ಮೊದಲನೇ ಚೀಟಿಯಿಂದ ಓದಲು ಶುರುಮಾಡಿದಳು. ಸೇತುವೆ ಹತ್ತಿರ ರಸ್ತೆ ಗುಂಡಿಬಿದ್ದದ್ದು. ಒಂದು ಬೂದುಬಣ್ಣದ ಬೆಕ್ಕು. ನಾಲ್ಕನೆಯದು ಕಾಲಿನ್‌ನದು: ಬೆರಿಲ್ ಪ್ರಾಬರ್ಟ್, ಜನವರಿ ಹತ್ತೊಂಬತ್ತು, ಮನೆಯಲ್ಲೇ, ಎಪ್ಪತ್ತೆಂಟು ವರ್ಷ, ಚರ್ಚಿನಲ್ಲಿ ಜಾಗ ಸಾಲದೆ ಜನ ಹಿಂದೆ ನಿಂತಿದ್ದರು, ದಯವಿಟ್ಟು ಸರಿಮಾಡಿ ಬರಿ. ಮ್ಯೂರಿಯಲ್‌ಳ ಚೀಟಿಯಲ್ಲಿ ಎರಡೇ ಮಾತು ಇದ್ದವು. ಬೆರಿಲ್ ಹೋದಳು. ಏನು ಬರೀಬೇಕು ಅಂತ ನಿನಗೇ ಗೊತ್ತಲ್ಲ.

ಅವಳಿಗೇ ಬರೆದಿದ್ದರು. ಎಲ್ಲರೂ, ಎಂದಿನ ಹಾಗೆ. ಹದಿನೇಳರಲ್ಲಿ ಹನ್ನೊಂದು ಅವಳ ಬಗ್ಗೆಯೇ ಇದ್ದವು.

ಅವುಗಳಿಂದ ಐದು ಸಾಲು ಮಾಡಿದೆವು. ನನ್ನದೊಂದು ಸೇರಿಸಬೇಕು ಎಂದೆ. ಬೆರಿಲ್ ಯಾರಿಗೇ ಬರೆದರೂ ಊರಿಗೆ ತಿಳಿಯದ್ದೊಂದು ಇರುತ್ತಿತ್ತು. ಅವಳ ವಿಷಯದಲ್ಲಿ ಊರಿಗೆ ತಿಳಿಯದ್ದು ಒಂದೇ ಇತ್ತು, ಅದು ನನ್ನ ಹತ್ತಿರ ಇತ್ತು. ನಾನು ಹೇಳಿದೆ, ನಯೋಮಿ ಬರೆದುಕೊಂಡಳು: ಗಂಡನಿಗೆ ಓದಲು ಬಾರದ್ದರಿಂದ ಐವತ್ತನಾಲ್ಕು ವರ್ಷ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು, ಅದನ್ನು ಯಾರಿಗೂ ಹೇಳಲಿಲ್ಲ.

"ಇದನ್ನ ಹಾಕ್ಲಾ?" ಎಂದು ಕೇಳಿದಳು. "ಊರೆಲ್ಲ ಓದುತ್ತೆ."

"ಓದ್ಲಿ," ಅಂದೆ.

ಏಪ್ರಿಲ್ ಪತ್ರಿಕೆಯನ್ನು ನಾನು ಬೇಗಬೇಗ ಹಂಚಿದೆ. ಯಾವ ಬಾಗಿಲಲ್ಲೂ ನಿಲ್ಲಲಿಲ್ಲ. ಕಾಲಿನ್ ಗೇಟಿನಲ್ಲೇ ತೆರೆದು ಓದುತ್ತಿದ್ದದ್ದು ಬೆನ್ನಿಗೆ ಗೊತ್ತಾಯಿತು, ತಿರುಗಲಿಲ್ಲ. ಸೇತುವೆ ದಾಟುವಾಗ ಹಳ್ಳ ಜೋರಾಗಿತ್ತು. ಮ್ಯೂರಿಯಲ್‌ಳ ಮನೆ ದಾಟಿ ಇಪ್ಪತ್ತು ಹೆಜ್ಜೆ ಹೋಗಿದ್ದೆ, ಅಷ್ಟರಲ್ಲಿ ಹಿಂದಿನಿಂದ ಕೂಗಿದಳು.

"ಎಪ್ಪತ್ತು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೀಯಲ್ಲೋ ಕಳ್ಳ."

ನಾನು ಟೋಪಿ ಸರಿಮಾಡಿಕೊಂಡೆ.

"ಗುರುವಾರ ಬರ್ತೀನಿ, ಓದಿ ಹೇಳ್ತೀನಿ. ಜಾಹೀರಾತು ಮಾತ್ರ ಓದಲ್ಲ ನಾನು."

"ಅವಳು ಅದನ್ನೂ ಓದ್ತಿದ್ಲು."

"ಅವಳಿಗೆ ತಲೆ ಸರಿ ಇರ್ಲಿಲ್ಲ," ಎಂದು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ತಡವಾಗಿ ಕೇಳಿತು.

ನಲವತ್ತು ಮನೆ ಮುಗಿಯಿತು. ಒಂದು ಪ್ರತಿ ಉಳಿಯಿತು. ನಮ್ಮ ಮುಂಬಾಗಿಲಿಗೆ ಬಂದು ಸೀಳಿನಲ್ಲಿ ತೂರಿಸಿದೆ. ಒಳಗೆ ಕಾಲೊರಸಿನ ಮೇಲೆ ಬಿದ್ದ ಸದ್ದು ಕೇಳಿಸಿತು. ಮನೆ ಸುತ್ತಿ, ಸೌದೆ ಒಟ್ಟಿದ ಗೋಡೆ ಬಳಸಿ, ಹಿಂಬಾಗಿಲಲ್ಲಿ ಶೂ ಕಳಚಿ ಒಳಗೆ ಬಂದೆ. ಅಷ್ಟು ಹೊತ್ತು ಬೇಕೆಂದೇ ತೆಗೆದುಕೊಂಡೆ.

ಪತ್ರಿಕೆ ಬಿದ್ದಲ್ಲೇ ಇತ್ತು. ಬಗ್ಗಿ ಎತ್ತಿಕೊಂಡೆ. ಅವಳ ಕುರ್ಚಿಯಲ್ಲಿ ಕೂರಲಿಲ್ಲ, ನನ್ನದರಲ್ಲಿ ಕೂತು ನಯೋಮಿ ಮೂಲೆ ಮಡಚಿಟ್ಟಿದ್ದ ಪುಟ ತೆರೆದೆ. ಆರು ಸಾಲು. ಬಾಯಿಪಾಠ ಆಗಿತ್ತಲ್ಲ, ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದೆ. ಕೊನೇ ಸಾಲಿನಲ್ಲಿ ಬೆರಳು ಒಂದು ಕಡೆ, ಮಾತು ಒಂದು ಕಡೆ ಆಯಿತು. ಮತ್ತೆ ಮೊದಲಿಂದ ಶುರುಮಾಡಿದೆ.