ಶಿವಗಂಗಾಳ ಬಲಗೈ

ತೆಲುಗು ಸೀಮೆಯ ಮಾದಾಪುರದಲ್ಲಿ ಸಾಫ್ಟ್‌ವೇರ್ ಕಂಪನಿಗೆಂದು ಏಳುತ್ತಿದ್ದ ಕಟ್ಟಡದ ಬಿದಿರ ಸಾರುವೆ ಮುರಿದು, ಶಿವಗಂಗಾಳ ಜೊತೆ ಬುಟ್ಟಿ ಹೊರುತ್ತಿದ್ದ ಸುಗಲವ್ವ ಬಿದ್ದು ಸತ್ತಳು. ಅವಳನ್ನು ಹಿಡಿಯಲು ಚಾಚಿದ್ದ ಶಿವಗಂಗಾಳ ಬಲಗೈ ಮರುದಿನದಿಂದ ಮೇಲೇಳಲಿಲ್ಲ. ನರ, ಎಲುಬು ಸರಿಯಾಗಿವೆ, ಆದರೆ ಇದು ನಟನೆಯಲ್ಲ, ಮನಸ್ಸಿಗಾದ ಪೆಟ್ಟು ಕೈಯನ್ನು ಹಿಡಿದಿದೆ, ನಿಧಾನಕ್ಕೆ ವಾಸಿಯಾಗುತ್ತದೆ ಎಂದು ಡಾಕ್ಟರು ತೆಲುಗಿನಲ್ಲಿ ಬಿಡಿಸಿ ಹೇಳಿದರು.

ಮೇಸ್ತ್ರಿ ಕಾಶಿನಾಥ ಅರ್ಧವನ್ನಷ್ಟೇ ಕೇಳಿಸಿಕೊಂಡ. “ನರ ನೆಟ್ಟಗ ಅದಾವಂತ. ನಾಟಕ ಸಾಕು, ಬುಟ್ಟಿ ಹೊರು.”

ಶಿವಗಂಗಾ ಅವನೆದುರೇ ಮರಳಿನ ಮೇಲೆ ಕೂತಳು. “ಸುಗಲವ್ವ ಬಿದ್ದದ್ದು ಖರೇ ಐತ್ರಿ, ನನ್ನ ಕೈ ಏಳದಿರೂದೂ ಖರೇ ಐತಿ. ಮೊದಲು ಗಟ್ಟಿ ಸಾರುವೆ ಕಟ್ಟಸ್ರಿ.”

“ಹಂಗಾರ ಊರಿಗೆ ಹೋಗು.”

“ಹೋಗೂದಿಲ್ರಿ.”

ಹಿಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಇಳಿಸಿ ಅವಳ ಪಕ್ಕ ಕೂತರು. ಸಂಜೆಯೊಳಗೆ ಮೇಸ್ತ್ರಿ ಸಾರುವೆಗೆ ಹೊಸ ಬಿದಿರು ತರಿಸಿದ. ಕೈ ಅಂದೂ ಏಳಲಿಲ್ಲ. ಅದಕ್ಕಾಗಿ ಶಿವಗಂಗಾ ತಲೆ ತಗ್ಗಿಸಲೂ ಇಲ್ಲ.