ಸತ್ಯವ್ವನ ಹೆಸರಿನ ಮುಂದಿನ ಹೆಬ್ಬೆಟ್ಟು

ಹಳೆಯ ವಹಿಗಳನ್ನು ಒಂದೊಂದಾಗಿ ಒರೆಸಿ ಚಾಪೆಯ ಮೇಲೆ ಪೇರಿಸುತ್ತಿದ್ದೆ. ಅಂದು ದೀಪಾವಳಿಯ ಪಾಡ್ಯ. ನಮ್ಮ ಹತ್ತಿ ಜಿನ್ನಿನ ಲೆಕ್ಕದ ವರ್ಷ ಮುಗಿದು ಹೊಸ ವಹಿಗೆ ಪೂಜೆಯಾಗುವ ದಿನ. ಒಂದು ವಹಿ ಕೈಜಾರಿ ಬಿದ್ದು ಬಿಚ್ಚಿಕೊಂಡಿತು. ಹಾಳೆಯ ಮೇಲೆ ಒಣಗಿದ ಕುಂಕುಮವಿತ್ತು. ಲೆಕ್ಕದ ಹಾಳೆಗೆ ಕುಂಕುಮ ಯಾಕೆ ಎಂದು ಬಗ್ಗಿ ನೋಡಿದೆ.

ಟಿಕೋಟದಲ್ಲಿ ಗಂಡ ತೀರಿದ ಮೇಲೆ ನಾನು ವಿಜಾಪುರಕ್ಕೆ ಬಂದು ಇಬ್ರಾಹಿಂಪುರದಲ್ಲಿ ಖೋಲಿ ಹಿಡಿದವಳು. ಬೀಜ ಬಿಡಿಸುವ ಜಿನ್ನಿನ ಯಂತ್ರಕ್ಕೆ ಏಳು ವರ್ಷ ಹತ್ತಿ ಉಣಿಸಿದೆ. ಅದು ನನ್ನ ಎಡಗೈ ಹೆಬ್ಬೆಟ್ಟನ್ನು ಅಡ್ಡ ಸೀಳಿತು. ಆಮೇಲೆ ಕಚೇರಿಯ ಕಸ ಗುಡಿಸುವ ಕೆಲಸ ಕೊಟ್ಟರು. ಐವತ್ತು ದಾಟಿದ ಮೇಲೆ ಹುಸೇನಸಾಬ ಮಾಸ್ತರರ ರಾತ್ರಿ ಸಾಲೆಗೆ ಹೋಗಿ ಅಕ್ಷರ ಕಲಿತೆ. ಹಾಗೆ ಕಲಿತದ್ದರಿಂದಲೇ ಆ ಸಾಲು ಕೂಡಿಸಿ ಓದಲು ಬಂತು.

ಸತ್ಯವ್ವ, ಬಬಲೇಶ್ವರ. ೧೯೪೪ರ ಬೋನಸ್, ಒಂಬತ್ತು ರೂಪಾಯಿ, ಪಾವತಿ.

ಸತ್ಯವ್ವ ನನ್ನ ಪಕ್ಕದ ಯಂತ್ರದವಳು. ಆ ವರ್ಷದ ಶ್ರಾವಣದಲ್ಲಿ ಜ್ವರ ಬಂದು ಸತ್ತಳು. ಬೋನಸ್ ಹಂಚಿದ್ದು ದೀಪಾವಳಿಗೆ. ಸತ್ತು ಮೂರು ತಿಂಗಳಾದವಳು ಹೆಬ್ಬೆಟ್ಟು ಒತ್ತಿದ್ದಳು. ಕುಂಕುಮವನ್ನು ಸೆರಗಿನಿಂದ ಸರಿಸಿದೆ. ಗುರುತಿನ ನಡುವೆ ಅಡ್ಡ ಬಿಳಿ ಗೆರೆ. ನನ್ನ ಬೆರಳನ್ನು ಪಕ್ಕಕ್ಕಿಟ್ಟು ನೋಡಿದೆ. ನನ್ನದೇ.

ಆಗ ನೆನಪಾಯಿತು. ಯುದ್ಧದ ತುಟ್ಟಿಗೆಂದು ಮಾಲಕರು ಬೋನಸ್ ಕೊಟ್ಟ ದಿನ ಲೆಕ್ಕ ಬರೆಯುವ ದಿವಾನಜಿ ಶಿವಯೋಗೆಪ್ಪನವರು ನನ್ನ ಬೆರಳು ಹಿಡಿದು ಐದು ಕಡೆ ಒತ್ತಿಸಿದ್ದರು. ರೊಕ್ಕ ಹೆಚ್ಚಿದ್ದರೆ ಹೆಬ್ಬೆಟ್ಟೂ ಹೆಚ್ಚು ಬೇಕಾಗುತ್ತದೆ ಎಂದುಕೊಂಡಿದ್ದೆ. ಕೈಗೆ ಬಂದದ್ದು ನನ್ನ ಒಂಬತ್ತೇ ರೂಪಾಯಿ. ಹೊಸ ವಹಿಯಲ್ಲಿ ಹಳೆಯ ಬಾಕಿ ಉಳಿಯಬಾರದೆಂದು ಮಾಲಕರ ಕಟ್ಟಪ್ಪಣೆ ಇತ್ತು. ಬಾರದವರ ಹೆಸರಿಗೆಲ್ಲ ದಿವಾನಜಿ ನನ್ನ ಬೆರಳಿನಿಂದ ಲೆಕ್ಕ ಮುಗಿಸಿ ರೊಕ್ಕ ಇಟ್ಟುಕೊಂಡಿದ್ದರು.

ವಹಿ ಒಯ್ದು ಅವರ ಮುಂದಿಟ್ಟೆ. ಅವರಿಗೆ ಸಿಟ್ಟೇ ಬರಲಿಲ್ಲ.

"ಹೆಬ್ಬೆಟ್ಟು ಯಾರದು, ರುದ್ರವ್ವ? ನಿಂದು. ಹಂಗಾರ ರೊಕ್ಕ ತಿಂದಾಕಿ ಯಾರು?" ಎಂದು ಮೆಲ್ಲಗೆ ಕೇಳಿದರು. ಆಮೇಲೆ ಪೂಜೆಯ ಪೇಢೆ ಕೈಗಿಟ್ಟು, "ಸಾಲಿ ಕಲಿಯೂಕಿಂತ ಮೊದಲ ಚಲೋ ನಿದ್ದಿ ಬರತಿತ್ತಲ್ಲಬೇ ನಿನಗ," ಎಂದರು.

ಮಧ್ಯಾಹ್ನ ಸತ್ಯವ್ವನ ತಾಯಿ ಕಾಳವ್ವ ಬಬಲೇಶ್ವರದಿಂದ ಬಂದಳು. ಹೋದ ಪಾಡ್ಯಕ್ಕೂ ಬಂದಿದ್ದಳು. ಆಗ ಅವಳು ವಹಿಯ ಮುಂದೆ ಕೂತದ್ದನ್ನು ನಾನು ಬಾಗಿಲಿಂದ ಕಂಡಿದ್ದೆನೇ ಹೊರತು ಅರ್ಥವಾಗಿರಲಿಲ್ಲ. ಈಗಲೂ ಅವಳು ರೊಕ್ಕ ಕೇಳಲಿಲ್ಲ. ದಿವಾನಜಿ ಹಾಳೆ ತೆರೆದು, ಮಗಳ ಹೆಬ್ಬೆಟ್ಟೆಂದು ತೋರಿಸಿದರು. ಅವಳು ಪೂಜೆಯ ತಾಟಿನಿಂದ ಕುಂಕುಮ ತೆಗೆದು ನನ್ನ ಹೆಬ್ಬೆಟ್ಟಿನ ಗುರುತಿಗೆ ಹಚ್ಚಿ ಕಣ್ಣಿಗೆ ಒತ್ತಿಕೊಂಡಳು.

ಅಂಗಳಕ್ಕೆ ಬಂದು ನನ್ನ ಕೈ ಹಿಡಿದಳು. "ಸತ್ತ ಮ್ಯಾಲೂ ಬಂದು ಒತ್ತಿ ಹೋಗ್ಯಾಳ ನೋಡವಾ. ರೊಕ್ಕ ತೊಗೊಂಡಾಳ ಅಂದಮ್ಯಾಲ ಮನಿಗೂ ಬರತಾಳ. ನಾ ಬಾಗಲಾ ತೆರದ ಇಟ್ಟೇನಿ." ಆಮೇಲೆ, "ನಿನ್ನ ಕೈ ಯಾಕ ಇಷ್ಟ ತಣ್ಣಗೈತಿ?" ಎಂದಳು.

ಆ ವಾರವೇ ನಿಜ ತಿಳಿಸಿ ಕಾಳವ್ವನಿಗೆ ಪತ್ರ ಬರೆದೆ. ಬರೆದು ಜೋಳದ ಗಡಿಗೆಯಲ್ಲಿ ಹೂತಿಟ್ಟೆ. ಕಳಿಸಿದರೆ ಕೆಲಸ ಹೋಗುತ್ತದೆ, ಕಳ್ಳಿ ಎಂಬ ಹೆಸರು ಬರುತ್ತದೆ. ಅದಕ್ಕಿಂತಲೂ, ಆ ತಾಯಿಗೆ ಮಗಳೆಂದು ಉಳಿದದ್ದು ಅದೊಂದೇ ಗುರುತು. ಅದನ್ನೂ ಕಿತ್ತುಕೊಳ್ಳುವುದು ಹೇಗೆ?

ವರ್ಷವಿಡೀ ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಅಡ್ಡ ಗೆರೆಯ ಆ ಗುರುತು ಮೂಡುತ್ತಿತ್ತು. ಅಳಿಸಿ ಮತ್ತೆ ಬಡಿದರೆ ಮತ್ತೆ ಮೂಡುತ್ತಿತ್ತು. ಬೂದಿ ಹಚ್ಚಿ ಬೆರಳು ತಿಕ್ಕುತ್ತಿದ್ದೆ. ಕಾಳವ್ವ ನಂಬಿದ್ದನ್ನು ನಾನೂ ನಂಬತೊಡಗಿದೆ. ಸತ್ಯವ್ವ ಬಂದೇ ಇದ್ದಳು. ಬಂದವಳು ನನ್ನ ಕೈಯಲ್ಲಿ ಕೂತಿದ್ದಳು.

ಮರುವರ್ಷದ ಪಾಡ್ಯಕ್ಕೆ ಬಂದ ಕಾಳವ್ವ ಸೊರಗಿ ಹೋಗಿದ್ದಳು. ಸಾರವಾಡದ ಕಿರಿಯ ಮಗಳು ಕರೆದೊಯ್ಯಲು ಬಂಡಿ ಕಳಿಸಿದ್ದಳಂತೆ. ಇವಳು ಬಂಡಿಯನ್ನು ಹಾಗೇ ತಿರುಗಿಸಿದ್ದಳು.

"ನಾ ಹ್ವಾದ್ರ ಸತ್ಯವ್ವ ಬಂದು ಖಾಲಿ ಮನಿ ನೋಡತಾಳ," ಎಂದಳು. "ಹ್ವಾದ ಥಂಡ್ಯಾಗ ಬಾಗಲದ ಹೊಚ್ಚಲದಾಗ ಸಪ್ಪಳಾತು. ನಾಯಿ ಬಂದಿತ್ತು. ನಾ ಅದಕ್ಕ ಬಾರವಾ ಅಂದೆ."

ಅವಳು ಹೋದ ಮೇಲೆ ಗಡಿಗೆಯಿಂದ ಪತ್ರ ತೆಗೆದೆ. ಅದರೊಂದಿಗೆ ಒಂಬತ್ತು ರೂಪಾಯಿ ಕಳಿಸಲೇ ಎನಿಸಿತು. ಕಳಿಸಿದ್ದರೆ ಮಗಳೇ ತಂದಳೆಂದು ಅವಳು ಇನ್ನಷ್ಟು ಅಗಲಕ್ಕೆ ಬಾಗಿಲು ತೆರೆದಿಡುತ್ತಿದ್ದಳು. ರೊಕ್ಕ ಕಳಿಸುವ ವಿಚಾರ ಬಿಟ್ಟೆ. ಪತ್ರವನ್ನು ಮತ್ತೊಮ್ಮೆ ಓದಿದೆ.

"ಕಾಳವ್ವನಿಗೆ ಟಿಕೋಟದ ರುದ್ರವ್ವ ಬರೆದದ್ದು. ನೀನು ಕುಂಕುಮ ಹಚ್ಚುವ ಹೆಬ್ಬೆಟ್ಟು ನನ್ನದು. ಓದು ಬಾರದ ನನ್ನಿಂದ ದಿವಾನಜಿ ಒತ್ತಿಸಿದ್ದು. ಸತ್ಯವ್ವ ಬಂದಿರಲಿಲ್ಲ. ಅವಳ ಬೋನಸ್ ಯಾರೂ ಕೊಟ್ಟಿಲ್ಲ, ಜಿನ್ನಿನವರು ನಿನಗೆ ಕೊಡಬೇಕು. ಸಾಕ್ಷಿಗೆ ನಾನು ಬರುತ್ತೇನೆ."

ಕೆಳಗೆ ಎರಡು ಸಾಲು ಸೇರಿಸಿದೆ. "ಬಾಗಿಲಿಗೆ ಚಿಲಕ ಹಾಕು. ಸಾರವಾಡಕ್ಕೆ ಹೋಗು."

ಹೆಸರು ಬರೆದೆ. ಅದು ಸಾಲದು. ಕಾಳವ್ವನಿಗೆ ಓದಲು ಬಾರದು, ಹೆಬ್ಬೆಟ್ಟು ಗೊತ್ತು. ದೀಪದ ಕಾಡಿಗೆ ಬೆರಳಿಗೆ ಹಚ್ಚಿ ಹೆಸರಿನ ಪಕ್ಕಕ್ಕೆ ಒತ್ತಿದೆ. ಅಡ್ಡ ಗೆರೆ ಸ್ಪಷ್ಟವಾಗಿ ಮೂಡಿತು.

ಬಬಲೇಶ್ವರದ ಸಾಲೆಯ ಮಾಸ್ತರರು ಇದನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದುತ್ತಾರೆಂದು ಗೊತ್ತಿತ್ತು. ಸ್ಟೇಶನ್ನಿನ ಅಂಚೆಪೆಟ್ಟಿಗೆಯ ತನಕ ನಡೆದೆ. ಪತ್ರವನ್ನು ಒಳಗೆ ತೂರಿಸಿದೆ. ಉಳಿದ ಬೆರಳುಗಳು ಬಿಟ್ಟ ಮೇಲೂ ಹೆಬ್ಬೆಟ್ಟು ಒಂದಿಷ್ಟು ಹೊತ್ತು ಹಿಡಿದುಕೊಂಡಿತ್ತು. ಆಮೇಲೆ ಪತ್ರ ತಳಕ್ಕೆ ಬಿದ್ದ ಸಪ್ಪಳ ಕೇಳಿಸಿತು.